ಕ್ಯಾಸಂಬಳ್ಳಿ ಗಂಡಿನ ಮೇಲೆ ಪೋಲೆಂಡಿನ ದೂರು

ಬಂಗಾರಪೇಟೆಯ ಮುನೀಂದ್ರನಿಗೆ ಅನುಮಾನವೆಂಬುದು ಹುಟ್ಟುಗುಣವಲ್ಲ. ಯೂನಿಫಾರ್ಮಿನ ಜೊತೆಗೆ ಬಂದದ್ದು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಒಂದು ಗಾಜಿನ ಕಟ್ಟಡದ ಬಾಗಿಲಲ್ಲಿ ನಿಂತು, ಒಳಗೆ ಹೋಗುವವರ ಕೊರಳಿನ ಕಾರ್ಡನ್ನೂ ಹೊರಗೆ ಬರುವವರ ಚೀಲವನ್ನೂ ನೋಡಿ, ಸಂಜೆ ರೈಲಿಗೆ ಮರಳುವುದು ಅವನ ಉದ್ಯೋಗ. ಕಟ್ಟಡದ ಒಳಗಿದ್ದದ್ದು ಸೈಬರ್ ಸೆಕ್ಯುರಿಟಿ. ಬಾಗಿಲಲ್ಲಿದ್ದದ್ದು ಬರೀ ಸೆಕ್ಯುರಿಟಿ. ರೈಲಿನಲ್ಲಿ ಯಾರಾದರೂ "ಯಾವ ಕೆಲ್ಸಪ್ಪ?" ಎಂದರೆ "ಸೈಬರ್ ಸೆಕ್ಯುರಿಟಿ ಕಂಪನೀಲಿ ಸೆಕ್ಯುರಿಟಿ" ಎನ್ನುತ್ತಿದ್ದ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೇಳಿದವರು ಬೇರೇನೋ ತಿಳಿದುಕೊಂಡರೆ ಅದು ಅವರ ಕಿವಿಯ ಭದ್ರತಾ ಲೋಪ.

ಕಂಪನಿ ತನ್ನ ಹಳೆಯ ಲ್ಯಾಪ್‌ಟಾಪುಗಳನ್ನು ಮಾರಿದಾಗ ಮುನೀಂದ್ರನೂ ಒಂದನ್ನು ಎತ್ತಿಕೊಂಡು ಬಂದ. ಒಳಗೆ ಕೆಲಸ ಮಾಡುವ ಕವಿತ ಮೇಡಂ, ದಿನಾ ನಮಸ್ಕಾರ ಹೊಡೆಯುವವನೆಂಬ ವಿಶ್ವಾಸಕ್ಕೆ, ಅದರಲ್ಲಿ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಒಂದು ಪ್ರೋಗ್ರಾಮ್ ಹಾಕಿಕೊಟ್ಟರು. ಅದಕ್ಕೆ ಬಣ್ಣವಿಲ್ಲ, ಚಿತ್ರವಿಲ್ಲ, ಒತ್ತಲು ಗುಂಡಿಯಿಲ್ಲ, ಮೌಸಿಗೆ ಅಲ್ಲಿ ಪ್ರವೇಶವೇ ಇಲ್ಲ. ಒಂದು ಕರಿ ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಅಲ್ಲಿ ಆಜ್ಞೆ ಟೈಪ್ ಮಾಡಿ, ಅದರ ಮುಂದೆ ಅನುಮಾನ ಬಂದ ವೆಬ್‌ಸೈಟಿನ ಹೆಸರನ್ನೋ, ಇಂಟರ್ನೆಟ್ಟಿಗೆ ಹೋಗುವಾಗ ನಮ್ಮ ಬೆನ್ನಿಗೆ ಅಂಟಿಕೊಂಡು ಬರುವ ಐಪಿ ಅಡ್ರೆಸ್ ಎಂಬ ನಂಬರನ್ನೋ ಹಾಕಿ ಎಂಟರ್ ಒತ್ತಬೇಕು. ಅದು ಯಾರ ಮನೆಗೂ ಕನ್ನ ಹಾಕುವುದಿಲ್ಲ. ಪ್ರಪಂಚದಲ್ಲಿ ಯಾರು ಯಾವ ನಂಬರಿನ ಮೇಲೆ ದೂರು ಬರೆದು ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೋ ಅದನ್ನೆಲ್ಲ ಹೆಕ್ಕಿ ತಂದು ಮುಂದೆ ಸುರಿಯುತ್ತದೆ. ಅಂದರೆ ನಮ್ಮ ಅರಳಿಕಟ್ಟೆಗಳು ಲಾಗಾಯ್ತಿನಿಂದ ಮಾಡಿಕೊಂಡು ಬಂದ ಕೆಲಸವೇ. ವ್ಯತ್ಯಾಸವಿಷ್ಟೇ, ಕರಿ ಪರದೆ ನಡುನಡುವೆ ಎಲೆಅಡಿಕೆ ಉಗಿಯುವುದಿಲ್ಲ.

"ಅಣ್ಣಾ, ಒಂದು ವಿಷ್ಯ ನೆನಪಿಟ್ಕೊಳ್ಳಿ. ಇದು ಮನುಷ್ಯರನ್ನ ನೋಡಲ್ಲ, ನಂಬರನ್ನ ನೋಡುತ್ತೆ. ಅದಕ್ಕೇ..." ಎಂದು ಕವಿತ ಮೇಡಂ ವಿವರಿಸಲು ಹೊರಟ ಹೊತ್ತಿಗೆ ಲಿಫ್ಟಿನಿಂದ ದೊಡ್ಡ ಸಾಹೇಬರು ಇಳಿದರು. ಮುನೀಂದ್ರ ಸೆಟೆದು ಸೆಲ್ಯೂಟ್ ಹೊಡೆದ. ಸೆಲ್ಯೂಟ್ ಹೊಡೆಯುವಾಗ ಅವನ ಕಿವಿ ಮುಚ್ಚಿಕೊಳ್ಳುತ್ತದೆ. "ಅದಕ್ಕೇ" ಆದಮೇಲೆ ಏನಿತ್ತೆಂಬುದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಕರಿ ಪರದೆಯ ಮೊದಲ ಪವಾಡ ಪಕ್ಕದ ಮನೆಯ ರಾಧಮ್ಮನ ಫೋನಿನಲ್ಲಿ ನಡೆಯಿತು. "ಇಂದೇ ನಿಮ್ಮ ಕರೆಂಟು ಕಟ್, ತಕ್ಷಣ ಇಲ್ಲಿ ಒತ್ತಿ" ಎಂದು ಬಂದಿದ್ದ ಸಂದೇಶದ ವಿಳಾಸವನ್ನು ಮುನೀಂದ್ರ ಪರದೆಗೆ ತಿನ್ನಿಸಿದ. ಪರದೆ ಕೆಂಪು ಅಕ್ಷರದಲ್ಲಿ ಕಕ್ಕಿತು: ಮೋಸ. ಅಂದಿನಿಂದ ಬೀದಿಯಲ್ಲಿ ಮುನೀಂದ್ರನ ನಡಿಗೆ ಬದಲಾಯಿತು. ಕೈ ಎರಡೂ ಬೆನ್ನ ಹಿಂದಕ್ಕೆ ಹೋದವು. ಜನ ಹಸು ಕೊಳ್ಳಲು ಬಂದವನ ಹೆಸರು, ಓಡಿಹೋದ ನಾಯಿಯ ಫೋಟೋ, ಅಳಿಯನ ಗಾಡಿ ನಂಬರು ಎಲ್ಲವನ್ನೂ ತರತೊಡಗಿದರು. "ಇದ್ರಾಗೆ ಆಕಿ ನೋಡಣ್ಣ." ಅವನ ಹೆಂಡತಿ ಶ್ಯಾಮಲ ಮಾತ್ರ ಬಾಗಿಲಿಗೊರಗಿ ಹೇಳುತ್ತಿದ್ದಳು: "ಅದ್ರಾಗೆ ಅಕ್ಕೀಲಿ ಕಲ್ಲೈತಾ ಅಂತ ಕಂಡ್ರೆ ಏಳ್ರಿ, ನಾನೂ ಒಸಿ ಕುಂತ್ಕಂತೀನಿ."

ಹೀಗಿರುವಾಗ ಲಿಖಿತಳಿಗೆ ಗಂಡು ಬಂತು.

ಲಿಖಿತ ಮುನೀಂದ್ರನ ಅಕ್ಕ ಮುನಿಲಕ್ಷ್ಮಿಯ ಮಗಳು. ಅಕ್ಕನನ್ನು ಕೊಟ್ಟಿದ್ದು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವಿನ ಹಳ್ಳಿಗೆ, ಹಸು ಕಟ್ಟಿಕೊಂಡು ರಾಗಿ ಬೆಳೆಯುವ ಬಚ್ಚಪ್ಪನಿಗೆ. ಲಿಖಿತ ಡಿಗ್ರಿ ಮುಗಿಸಿ ಊರಿನ ಡೇರಿಯಲ್ಲಿ ಹಾಲಿನ ಫ್ಯಾಟು ನೋಡುವ ಕೆಲಸದಲ್ಲಿದ್ದಳು. ಸ್ವಂತ ಅಪ್ಪನ ಕ್ಯಾನಿಗೂ, ನೀರು ಬೆರೆತಿದೆಯೇ ಎಂದು ಅಳತೆಗಡ್ಡಿ ಅದ್ದಿ ನೋಡುವವಳು. ಈ ಕಾರಣಕ್ಕೆ ಬಚ್ಚಪ್ಪ ಮನೆಯಲ್ಲಿ ಮಗಳೊಡನೆ ಮಾತಾಡುತ್ತಿದ್ದ, ಡೇರಿಯಲ್ಲಿ ಮಾತಾಡುತ್ತಿರಲಿಲ್ಲ.

ಗಂಡು ಕ್ಯಾಸಂಬಳ್ಳಿ ಕಡೆಯ ಅಂಬರೀಶ್. ಟೊಮೆಟೊ, ಮೆಣಸಿನಕಾಯಿ ಸಸಿ ಬೆಳೆಸಿ ಮಾರುವ ನರ್ಸರಿ ಇಟ್ಟಿದ್ದ. ಹೆಣ್ಣು ನೋಡಲು ಬಂದಾಗ ಒಂದು ಗುಟುಕು ಕಾಫಿ ಕುಡಿದು, ಎಲ್ಲರೂ "ಎಂಗೈತಪ್ಪ?" ಎಂದು ಬಾಯಿ ನೋಡುತ್ತಿದ್ದಾಗ, "ಚೆನ್ನಾಗೈತೆ. ಆಲಿಗೆ ನೀರು ಒಸಿ ಜಾಸ್ತಿ ಆಗೈತೆ" ಎಂದುಬಿಟ್ಟ. ಬಚ್ಚಪ್ಪನ ಮುಖ ಸುಟ್ಟ ಬದನೆಕಾಯಾಯಿತು. ಒಳಗಿನಿಂದ ಕೇಳಿಸಿಕೊಂಡ ಲಿಖಿತ ಅಮ್ಮನ ಸೆರಗು ಎಳೆದು ಹೇಳಿದಳು: "ಅಮ್ಮಾ, ಇವ್ನೇ ಆಗ್ಲಿ."

ಆಮೇಲಿನದೆಲ್ಲ ಸಲೀಸು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬರುವುದು, ಮುಂದಿನ ವಾರ ಹೆಣ್ಣಿನ ಮನೆಯಲ್ಲಿ ತಾಂಬೂಲ ಬದಲಾಯಿಸುವುದು. ತಾಂಬೂಲದ ತಟ್ಟೆಯನ್ನು ಎತ್ತಿಕೊಡಬೇಕಾದವನು ಹುಡುಗಿಯ ಸೋದರಮಾವ. ಅವನು ತಟ್ಟೆ ಮುಟ್ಟದಿದ್ದರೆ ಶಾಸ್ತ್ರವಿಲ್ಲ, ಶಾಸ್ತ್ರವಿಲ್ಲದಿದ್ದರೆ ಮದುವೆಯಿಲ್ಲ. ಆ ಸೋದರಮಾವನ ಸ್ಥಾನದಲ್ಲಿ ವಿಧಿ ಮುನೀಂದ್ರನನ್ನು ಕೂರಿಸಿತ್ತು. ವಿಧಿಗೆ ಆಗಾಗ ಇಂಥ ತಮಾಷೆ ಬೇಕು.

ಮನೆ ನೋಡಲು ಹೋದ ಹಿರಿಯರು ಬೋರ್‌ವೆಲ್ ನೋಡಿದರು, ಕೊಟ್ಟಿಗೆ ನೋಡಿದರು, ಅಡುಗೆಮನೆಯ ಹೊಗೆ ಎತ್ತ ಹೋಗುತ್ತದೆಂದು ನೋಡಿದರು. ಮುನೀಂದ್ರ ನಡುಮನೆಯ ಗೋಡೆಯ ಮೇಲೆ ಮಿಣುಕುತ್ತಿದ್ದ ಇಂಟರ್ನೆಟ್ ಡಬ್ಬಿ ನೋಡಿದ.

"ಅಂಬರೀಶು, ವೈಫೈ ಪಾಸ್‌ವರ್ಡ್ ಏನಪ್ಪ?"

"ಟೊಮೆಟೊ ಒನ್ ಟೂ ತ್ರೀ ಮಾವ."

ಕೇಳಿದ ಕೂಡಲೇ ಕೊಟ್ಟ! ಗಾಜಿನ ಬಾಗಿಲಲ್ಲಿ ಇಷ್ಟು ವರ್ಷ ನಿಂತ ಅನುಭವ ಮುನೀಂದ್ರನಿಗೆ ಒಂದು ಪಾಠ ಕಲಿಸಿತ್ತು: ಚೀಲವನ್ನು ತಾನಾಗಿಯೇ ತೆರೆದು ತೋರಿಸುವವನ ಜೇಬು ನೋಡಬೇಕು. ಫೋನಿನಲ್ಲಿ ಆ ಮನೆಯ ಐಪಿ ಅಡ್ರೆಸ್ ತೆಗೆದ. ಬರೆಯುವುದರಲ್ಲಿ ಎಡಚನಾದ್ದರಿಂದ ಬಲ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ. ಆ ಕೈ ತೊಳೆಯಬಾರದೆಂದು ಗಂಡಿನ ಮನೆಯ ಮುದ್ದೆಯನ್ನು ಎಡಗೈಯಲ್ಲಿ ಉಂಡ. ಅಂಬರೀಶನ ಅಜ್ಜಿ ಅಕ್ಕಯ್ಯಮ್ಮ ಅವನ ಎಡಗೈಯನ್ನೇ ದಿಟ್ಟಿಸಿ ನೋಡುತ್ತಿದ್ದಳು. ಆ ಕಡೆಯ ಅನುಮಾನ ಹುಟ್ಟಿದ್ದು ಅಲ್ಲಿ.

ಸಂಜೆ ಬಚ್ಚಪ್ಪನ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆಯಿತು. ಅಂಗೈ ನೋಡಿಕೊಂಡು ಮುನೀಂದ್ರ ನಂಬರು ಕುಟ್ಟಿ, ಎಂಟರ್ ಒತ್ತಿ, ಕಣ್ಣು ಮುಚ್ಚಿದ. ತೆರೆದಾಗ ಪರದೆ ಕುಂಕುಮ ಚೆಲ್ಲಿದಂತೆ ಕೆಂಪಾಗಿತ್ತು.

"ಭಾವ, ಮನೆ ಮುಳುಗ್ತು."

"ಏನ್ಲಾ ಬರದೈತೆ?" ಬಚ್ಚಪ್ಪ ಬಗ್ಗಿದ.

"ಮೊದಲ್ನೇದು, ಬ್ರೂಟ್ ಫೋರ್ಸ್. ಅಂದ್ರೆ ಇನ್ನೊಬ್ಬರ ಬಾಗ್ಲು ಬಡಿಯೋದು. ತೆಗೆಯೋ ಗಂಟ ಬುಡಲ್ಲ, ಬಡೀತಾನೇ ಇರೋದು."

"ಕುಡ್ದು ಬಂದು ಬಡೀತಾನಾ?" ಮುನಿಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಕುಡ್ದೋನು ಒಂದ್ಸಲ ಬಡ್ದು ಮಲ್ಕಂತಾನಕ್ಕ. ಇವ್ನು ಮಲಗಲ್ಲ. ಎರಡ್ನೇದು ಬಾಟ್‌ನೆಟ್ಟು. ಒಬ್ಬ ಯಜಮಾನ, ಅವ್ನ ಕೈಕೆಳಗೆ ಸಾವಿರಾರು ಆಳು. ಯಾರು ಯಾರಿಗೆ ಕೆಲ್ಸ ಮಾಡ್ತಾವ್ರೆ ಅಂತ ಯಾರ್ಗೂ ಗೊತ್ತಿರಲ್ಲ."

"ಅಲ್ಲಿ ಸಸಿ ತುಂಬಾಕೆ ನಾಕು ಜನ ಎಂಗಸ್ರು ಇದ್ರು ಕಣಪ್ಪ, ಅಷ್ಟೇ."

"ಅವ್ರು ಕಾಣೋ ಆಳು ಭಾವ. ನಾನು ಏಳ್ತಿರೋದು ಕಾಣ್ದೇ ಇರೋ ಆಳು." ಮುನೀಂದ್ರ ದನಿ ತಗ್ಗಿಸಿದ. "ದೂರು ಎಲ್ಲಿಂದ ಬಂದೈತೆ ನೋಡು. ಬ್ರೆಜಿಲ್ಲು, ವಿಯೆಟ್ನಾಮು, ಪೋಲೆಂಡು."

ಬಚ್ಚಪ್ಪ ಆಂಧ್ರದ ದಿಕ್ಕಿಗೆ ಕೈ ಚಾಚಿದ. "ಪೋಲೆಂಡು ಎಲ್ ಬತ್ತದ್ಲಾ? ಕುಪ್ಪಂ ದಾಟೀನಾ?"

"ಕುಪ್ಪಂ ದಾಟಿ ಬಾಳ ದೂರ."

"ಅಷ್ಟು ದೂರದೋರ್ಗೆ ಇವ್ನೇನ್ಲಾ ಮಾಡ್ದ? ಕೆಟ್ಟ ಸಸಿ ಕೊಟ್ಟವ್ನಾ?"

ಕಂಬಕ್ಕೊರಗಿದ್ದ ಲಿಖಿತ ಪರದೆಯನ್ನು ಎರಡು ಸಲ ಓದಿದಳು. "ಮಾವ, ಇದ್ರಾಗೆ ನಂಬ್ರು ಐತೆ. ಅವ್ರ ಎಸ್ರು ಎಲ್ಲೈತೆ?"

"ಕಳ್ರು ಎದೆ ಮೇಲೆ ಎಸ್ರು ಬರ್ಕಂಡು ಓಡಾಡ್ತಾರೇನವ್ವಾ?" ಎಂದ, ಎದೆಯ ಮೇಲೆ ಹೆಸರಿನ ಪಟ್ಟಿ ಇದ್ದ ಯೂನಿಫಾರ್ಮಿನಲ್ಲೇ ಬಂದಿದ್ದ ಮುನೀಂದ್ರ. "ಇದು ಇತ್ಯರ್ಥ ಆಗೋ ಗಂಟ ನಾನು ತಟ್ಟೆ ಮುಟ್ಟಲ್ಲ."

ಲಿಖಿತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದಿಗೆ ಕೊಟ್ಟಿಗೆಯ ಹಸು ಎದ್ದು ನಿಂತಿತು.

ಮರುದಿನ ಮುನೀಂದ್ರ ರಜೆ ಹಾಕಿ, ತಲೆಗೆ ಟೋಪಿ, ಮುಖಕ್ಕೆ ಕರ್ಚೀಫು ಕಟ್ಟಿ, ಯೂನಿಫಾರ್ಮಿನ ಪ್ಯಾಂಟಿನ ಮೇಲೆ ಹೂವಿನ ಶರ್ಟು ತೊಟ್ಟು, ಬಸ್ಸಿನಲ್ಲಿ ಕ್ಯಾಸಂಬಳ್ಳಿಗೆ ಹೋದ. ಗುರುತು ಸಿಗಬಾರದೆಂದು ತೆಲುಗಿನಲ್ಲಿ ಮಾತಾಡುವುದೆಂದು ನಿಶ್ಚಯಿಸಿದ್ದ. ಅದು ಎಲ್ಲರೂ ತೆಲುಗು ಆಡುವ ಊರೆಂಬುದು ಇಳಿದಮೇಲೆ ನೆನಪಾಯಿತು. ಕೂಡಲೇ ಕನ್ನಡಕ್ಕೆ ಹಾರಿ, ಅದೂ ಸಾಲದೆಂದು ಗಂಟಲು ದಪ್ಪ ಮಾಡಿಕೊಂಡು ಟೀ ಅಂಗಡಿಯಲ್ಲಿ ಕುಳಿತ.

"ಈ ನರ್ಸರಿ ಅಂಬರೀಶ ಎಂಥೋನು?"

"ಬಂಗಾರದಂತೋನು," ಎಂದ ಟೀ ಅಂಗಡಿಯವನು.

"ಕುಡಿಯೋದು?"

"ಟೀ. ಸಕ್ಕರೆ ಕಮ್ಮಿ."

"ಇಸ್ಪೀಟು?"

"ಇಲ್ಲಪ್ಪ."

"ಎಂಗಸ್ರ ಸವಾಸ?"

"ಅವ್ರಜ್ಜೀದೊಂದೇ. ಅದೇ ಸಾಕಾಗೈತೆ ಅವ್ನಿಗೆ."

ಕ್ಷೌರದಂಗಡಿಯಲ್ಲಿ ಕೇಳಿದ: ಒಳ್ಳೆಯವನು. ಡೇರಿಯಲ್ಲಿ ಕೇಳಿದ: ಒಳ್ಳೆಯವನು. ಗೊಬ್ಬರದಂಗಡಿಯವನಂತೂ "ನನ್ ಮಗ್ಳಿದ್ರೆ ನಾನೇ ಕೊಡ್ತಿದ್ದೆ" ಎಂದ. ಮುನೀಂದ್ರ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಒಂದೂರಿನಲ್ಲಿ ಒಬ್ಬನೇ ಒಬ್ಬನೂ ಇನ್ನೊಬ್ಬನ ಬಗ್ಗೆ ಕೆಟ್ಟದ್ದು ಹೇಳುವುದಿಲ್ಲವೆಂದರೆ, ಇಡೀ ಊರನ್ನೇ ಬಾಯಿ ಕಟ್ಟಿ ಇಟ್ಟಿದ್ದಾನೆ. ಸಾವಿರಾರು ಆಳು ಎಂದರೆ ಇವರೇ!

ಅತ್ತ ಕ್ಯಾಸಂಬಳ್ಳಿಯೂ ಕೈಕಟ್ಟಿ ಕುಳಿತಿರಲಿಲ್ಲ. ಮುಖ ಮುಚ್ಚಿಕೊಂಡು, ಗಂಟಲು ದಪ್ಪ ಮಾಡಿಕೊಂಡು, ಡೇರಿ ಬಾಗಿಲಲ್ಲಿ ಸುಳಿದವನ ಫೋಟೋ ಆಗಲೇ ವಾಟ್ಸಾಪಿನಲ್ಲಿ ಹೊರಟಿತ್ತು: "ಹಸು ಕಳ್ಳ ಬಂದಿದ್ದಾನೆ. ಕೊಟ್ಟಿಗೆ ಭದ್ರ." ಮುನೀಂದ್ರನ ಬಸ್ಸಿಗಿಂತ ಮೊದಲು ಫೋಟೋ ಬಚ್ಚಪ್ಪನ ಮನೆ ತಲುಪಿತು. ಮುನೀಂದ್ರ ಬೆವರು ಒರೆಸುತ್ತ ಬಂದು ಕುಳಿತಾಗ ಬಚ್ಚಪ್ಪ ಫೋನನ್ನೂ ಅವನನ್ನೂ ಒಂದೊಂದು ಸಲ ನೋಡಿದ.

"ಲೇ, ಈ ಕಳ್ಳನ ಪ್ಯಾಂಟು ನಿಂದಿದ್ದಂಗೆ ಐತಲ್ಲಾ?"

"ಅಂಥ ಪ್ಯಾಂಟು ಲಕ್ಷ ಇರ್ತಾವೆ ಭಾವ."

"ಮೊಣಕಾಲತ್ರ ಶ್ಯಾಮಲ ಆಕಿರೋ ತ್ಯಾಪೇನೂ ಲಕ್ಷ ಇರ್ತಾವಾ?"

ಸುಮ್ಮನಾಗುವುದು ಬಿಟ್ಟು ಮುನೀಂದ್ರ ಪೊಲೀಸರ ಬಳಿಗೆ ಹೋದ. ಠಾಣೆಯ ದಫೇದಾರ್ ಚಿಕ್ಕವೆಂಕಟಪ್ಪ ಬಚ್ಚಪ್ಪನಿಗೆ ದೂರದ ನೆಂಟರು, ತಾಂಬೂಲಕ್ಕೂ ಬರುವವರು. ಕೆಂಪು ಅಕ್ಷರಗಳ ಪ್ರಿಂಟನ್ನು ಅವರು ಉದ್ದಕ್ಕೆ ಹಿಡಿದು ನೋಡಿದರು, ಅಡ್ಡಕ್ಕೆ ಹಿಡಿದು ನೋಡಿದರು.

"ಏನಯ್ಯ ಇದು ಐಪಿ? ಐಪಿಸಿ ಗೊತ್ತು ನಂಗೆ. ಅದನ್ನೂ ಈಗ ತೆಗ್ದು ಒಸಾದು ತಂದವ್ರೆ. ಇದ್ರಲ್ಲಿ ಒಂದಕ್ಷರ ಕಮ್ಮಿ ಐತಲ್ಲ?"

"ಇದು ಅಡ್ರೆಸ್ಸು ಸಾರ್, ಆರೋಪಿದು."

"ಏನು ಕಳ್ವಾಗೈತೆ?"

"ಇನ್ನೂ ಆಗಿಲ್ಲ ಸಾರ್."

"ಯಾರಿಗೆ ಏಟು ಬಿದ್ದೈತೆ?"

"ಪೋಲೆಂಡ್‌ನೋರ್ಗೆ ಸಾರ್."

ಚಿಕ್ಕವೆಂಕಟಪ್ಪ ಕಾಗದ ಕೆಳಗಿಟ್ಟು, ಕನ್ನಡಕ ತೆಗೆದು, ಮುನೀಂದ್ರನ ಪ್ಯಾಂಟಿನ ಮೊಣಕಾಲನ್ನು ದೀರ್ಘವಾಗಿ ನೋಡಿದರು. ಫೋಟೋ ಅವರಿಗೂ ಬಂದಿತ್ತು. "ಮುನೀಂದ್ರ, ನೀನು ಈಗ ಮನೆಗೋಗು. ತಾಂಬೂಲದ ದಿನ ನಾನೇ ಬತ್ತೀನಿ. ಅಲ್ಲಿ ನೋಡ್ತೀನಿ." ಯಾರನ್ನು ನೋಡುತ್ತಾರೆಂದು ಅವರು ಹೇಳಲಿಲ್ಲ.

ತಾಂಬೂಲದ ದಿನ ಬೆಳಿಗ್ಗೆ ಬಚ್ಚಪ್ಪನ ಅಂಗಳಕ್ಕೆ ಶಾಮಿಯಾನ ಬಿತ್ತು. ಒಲೆಯ ಮೇಲೆ ಪಾಯಸ, ಚಾಪೆಯ ಮೇಲೆ ಎರಡೂ ಕಡೆಯ ನೆಂಟರು, ನಡುವೆ ಹಿತ್ತಾಳೆಯ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ. ಸೋದರಮಾವ ಮಾತ್ರ ತಟ್ಟೆಯಿಂದ ಒಂದು ಮಾರು ದೂರ, ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಳಿತಿದ್ದ. ಲಿಖಿತ ಹೊಸ ಸೀರೆಯುಟ್ಟು ಬಾಗಿಲ ಮರೆಯಲ್ಲಿ ನಿಂತು ಆ ಕಂಕುಳನ್ನೇ ನೋಡುತ್ತಿದ್ದಳು. ಅವಳ ಹಣೆಬರಹ ಸದ್ಯಕ್ಕೆ ಅಲ್ಲಿತ್ತು.

"ಎತ್ತಪ್ಪ ತಟ್ಟೆ," ಎಂದರು ಹಿರಿಯರೊಬ್ಬರು.

"ಒಂದು ವಿಚಾರಣೆ ಬಾಕಿ ಐತೆ," ಎಂದ ಮುನೀಂದ್ರ.

ಅದಕ್ಕೇ ಕಾದಿದ್ದವಳಂತೆ ಅಕ್ಕಯ್ಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಏಮಯ್ಯಾ ಎಡಗೈ ದೊರೆ! ನಮ್ಮೂರ್ಗೆ ಮಕ ಮುಚ್ಕಂಡು ಬಂದು ನನ್ ಮೊಮ್ಮಗ ಎಂಥೋನು ಅಂತ ಕ್ಷೌರದಂಗ್ಡೀಲಿ ಕೇಳ್ದೋನು ನೀನೇ ಅಲ್ವಾ? ನನ್ನ ಕೇಳಿದ್ರೆ ಏಳ್ತಿರ್ಲಿಲ್ವಾ? ಅವ್ನಿಗೆ ಗೊರಕೆ ಐತೆ. ಬದನೆಕಾಯಿ ತಿನ್ನಲ್ಲ. ಮೂಗಿನ ತುದೀಲಿ ಕೋಪ. ಇನ್ನೇನು ಬೇಕಿತ್ತು?"

"ಪೋಲೆಂಡ್ ವಿಷ್ಯ ಏಳಮ್ಮ!" ಮುನೀಂದ್ರ ಲ್ಯಾಪ್‌ಟಾಪ್ ತೆರೆದು ಕೆಂಪು ಪರದೆಯನ್ನು ಸಭೆಗೆ ತಿರುಗಿಸಿದ. ನೆಂಟರು ಕುತ್ತಿಗೆ ಚಾಚಿದರು. ಯಾರಿಗೂ ಏನೂ ಅರ್ಥವಾಗದಿದ್ದರೂ ಕೆಂಪು ಎಲ್ಲರಿಗೂ ಅರ್ಥವಾಯಿತು. ಅಂಬರೀಶ್ ಎದ್ದು ಬಂದು ಓದಿ, "ನಾನು ಇಂಟರ್ನೆಟ್ಟಲ್ಲಿ ನೋಡೋದು ಟೊಮೆಟೊ ರೇಟು ಒಂದೇ ಮಾವ" ಎಂದ.

"ಆಯ್ತು," ಎಂದಳು ಅಕ್ಕಯ್ಯಮ್ಮ. "ನೀವು ನಮ್ಮನೆ ನೋಡಿದ್ರಿ. ನಾವೂ ನಿಮ್ಮನೆ ನೋಡ್ಬೇಕಲ್ಲ? ಅದೇ ಪೆಟ್ಟಿಗೇಲಿ ಈ ಮನೇದೂ ಆಕು. ಈಗ್ಲೇ ಆಕು. ಎಲ್ರೂ ನೋಡ್ಲಿ."

ನ್ಯಾಯವಾದ ಮಾತು. ಮುನೀಂದ್ರ ನಕ್ಕು, ಲ್ಯಾಪ್‌ಟಾಪನ್ನು ಬಚ್ಚಪ್ಪನ ಮನೆಯ ವೈಫೈಗೆ ಸೇರಿಸಿ, ಈ ಮನೆಯ ವಿಳಾಸ ಹೇಳೆಂದು ಆಜ್ಞೆ ಕೊಟ್ಟ. ನಂಬರು ಬಂತು. ನಗು ಹೋಯಿತು. ಅಂಗೈ ನೋಡಿಕೊಂಡ, ಅಲ್ಲಿ ಅಳಿಸಿಹೋಗಿತ್ತು. ಪ್ರಿಂಟು ನೋಡಿದ, ಪರದೆ ನೋಡಿದ, ಮತ್ತೆ ಪ್ರಿಂಟು ನೋಡಿದ.

"ಏನಾಯ್ತು ಮಾವ?" ಲಿಖಿತ ಬಾಗಿಲ ಮರೆ ಬಿಟ್ಟು ಈಚೆ ಬಂದಳು. ಎರಡನ್ನೂ ಗಟ್ಟಿಯಾಗಿ ಓದಿದಳು. ಮೊದಲ ಅಂಕಿಯಿಂದ ಕೊನೆಯ ಅಂಕಿಯವರೆಗೆ ಎರಡೂ ಒಂದೇ.

ನೆಂಟರು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ತಾವೂ ಒಂದೊಂದು ಸಲ ಅಂಕಿ ಹೋಲಿಸಿ ನೋಡಿದರು.

ಆಗ ದಫೇದಾರ್ ಚಿಕ್ಕವೆಂಕಟಪ್ಪ ಎದ್ದುನಿಂತು ಗಂಟಲು ಸರಿಪಡಿಸಿಕೊಂಡರು. "ನೋಡ್ರಪ್ಪ, ನಾನು ಕಾನೂನು ಪ್ರಕಾರ ಏಳ್ತೀನಿ. ಎರಡೂ ಮನೆಗೆ ಅಡ್ರೆಸ್ ಒಂದೇ. ಅಡ್ರೆಸ್ ಒಂದೇ ಅಂದ್ರೆ ಮನೆ ಒಂದೇ. ಮನೆ ಒಂದೇ ಅಂದ್ರೆ ಇವ್ರಿಬ್ರೂ ಏನಾದ್ರು?"

"ಅಯ್ಯೋ ದೇವ್ರೇ, ಅಣ್ಣ ತಂಗಿ!" ಎಂದು ಮುನಿಲಕ್ಷ್ಮಿ ಕುಸಿದು ಕುಳಿತಳು.

ಮುಂದಿನ ಗದ್ದಲವನ್ನು ವರ್ಣಿಸುವುದು ಕಷ್ಟ. ಎರಡೂ ಕಡೆಯ ಮುದುಕರು ಕುಲ, ಗೋತ್ರ, ಮುತ್ತಾತನ ಮುತ್ತಾತ ಎಂದು ಬೆರಳು ಮಡಿಸತೊಡಗಿದರು. ಒಬ್ಬರು ತಮ್ಮ ತಾತನೊಬ್ಬ ಕಾಮಸಮುದ್ರದ ಕಡೆ ಹೋಗಿ ವಾಪಸು ಬರಲೇ ಇಲ್ಲವೆಂದು ನೆನಪಿಸಿಕೊಂಡರು. ಇನ್ನೊಬ್ಬರು ಅಂಥವನೊಬ್ಬ ತಮ್ಮ ಹಟ್ಟಿಗೆ ಎಲ್ಲಿಂದಲೋ ಬಂದಿದ್ದನೆಂದರು. ಅಕ್ಕಯ್ಯಮ್ಮ ಬಚ್ಚಪ್ಪನ ಮೂಗನ್ನು ಹಿಡಿದು ಅತ್ತಿತ್ತ ತಿರುಗಿಸಿ, "ನಮ್ಮ ಮನೆಯೋರ ಮೂಗು ಇಂಗಿಲ್ಲ. ಇದು ಮೆಣಸಿನಕಾಯಿ ಬಜ್ಜಿ ಇದ್ದಂಗೈತೆ" ಎಂದು ಸಾಕ್ಷಿ ನುಡಿದಳು. ಯಾರೂ ಕೇಳಲಿಲ್ಲ. ಅಂಬರೀಶ್ ಲಿಖಿತಳನ್ನು ನೋಡಿದ. ಹಾಗೆ ನೋಡಬಹುದೋ ಬಾರದೋ ಎಂದು ತಿಳಿಯದೆ ಶಾಮಿಯಾನ ನೋಡಿದ.

ಲಿಖಿತ ಮಾತ್ರ ಫೋನ್ ತೆಗೆದಳು. "ಮುನೇಶಣ್ಣ, ಎಲ್ಲಿದ್ರೂ ಬಾ. ಬರ್ಲಿಲ್ಲ ಅಂದ್ರೆ ನಾಳೆಯಿಂದ ಈ ಊರಲ್ಲಿ ನಿಂದೊಂದು ಕನೆಕ್ಷನ್ನೂ ಇರಲ್ಲ."

ರಾಬರ್ಟ್‌ಸನ್‌ಪೇಟೆಯ ಮುನೇಶ ಈ ಸೀಮೆಗೆಲ್ಲ ಕೇಬಲ್, ಇಂಟರ್ನೆಟ್ ಎಳೆದವನು. ಪಕ್ಕದೂರಿನ ಕಂಬದ ಮೇಲಿದ್ದವನು ಏಣಿಯ ಸಮೇತ ಬಂದಿಳಿದ. ಅವನು ಮೂರು ಭಾಷೆಯನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ವಿಷಯ ಕೇಳಿ ಏಣಿಗೊರಗಿ ನಕ್ಕ.

"ಅಯ್ಯಯ್ಯೋ, ಎನ್ನ ಸಾರ್ ನೀವು! ಆ ನಂಬರು ಮನೇದಲ್ಲ, ನಂದು. ಲೈನಲ್ಲಿರೋ ಅಷ್ಟು ಮನೇನೂ ಆ ಒಂದೇ ನಂಬರಲ್ಲಿ ಆಚೆ ಓಗೋದು. ಊರ್ಗೆಲ್ಲಾ ಒಂದೇ ಬಸ್ ಸ್ಟಾಪ್ ಇಲ್ವಾ? ಅಲ್ಲಿ ಹತ್ದೋನು ಕೋಲಾರದಲ್ಲಿ ಇಳ್ದು ಜೇಬು ಕತ್ರಿಸಿದ್ರೆ, ಕೋಲಾರದೋರು ಆ ಸ್ಟಾಪಿನೋನು ಅಂತಾರೆ. ಯಾವ ಮನೆಯೋನು ಅಂತ ಅವ್ರಿಗೆ ತೆರಿಯುಮಾ, ಗೊತ್ತಾ?"

"ಹಂಗಾದ್ರೆ ಇವ್ರು ಅಣ್ಣ ತಂಗಿ ಅಲ್ಲ?" ಎಂದ ಬಚ್ಚಪ್ಪ.

"ಆ ಲೆಕ್ಕದಲ್ಲಿ ಕ್ಯಾಸಂಬಳ್ಳಿಯಿಂದ ಬಂಗಾರಪೇಟೆ ಗಂಟ ಎಲ್ರೂ ಅಣ್ಣ ತಂಗಿ ಸಾರ್. ನೀವೂ ನಿಮ್ಮ ಮನೆಯೋರೂ ಸೇರಿ."

ಬಚ್ಚಪ್ಪ ಹೆಂಡತಿಯನ್ನು ನೋಡಿದ. ಅವಳು ಮುಖ ತಿರುಗಿಸಿದಳು. ಸಭೆ ನಿರಾಳವಾಗಿ ಉಸಿರು ಬಿಟ್ಟಿತು. ಆದರೆ ಮುನೀಂದ್ರನ ಬೆನ್ನು ಇನ್ನೂ ನೆಟ್ಟಗಾಯಿತು.

"ಅಂಗಾದ್ರೆ," ಎಂದು ನಿಧಾನವಾಗಿ ಸುತ್ತ ನೋಡಿದ, "ಪೋಲೆಂಡ್‌ನೋರ ಬಾಗ್ಲು ಬಡಿದೋನು ಈ ಲೈನಲ್ಲೇ ಅವ್ನೆ. ಇಲ್ಲೇ ಕುಂತಿದ್ರೂ ಕುಂತಿರಬಹುದು. ಅವ್ನು ಸಿಕ್ಕೋ ಗಂಟ ನಾನು ತಟ್ಟೆ ಮುಟ್ಟಲ್ಲ."

ಪ್ರತಿಯೊಬ್ಬನೂ ಪಕ್ಕದವನಿಂದ ಒಂದು ಗೇಣು ಸರಿದು ಕುಳಿತ. ಲಿಖಿತ ಸೋದರಮಾವನ ಕಂಕುಳನ್ನೂ, ಸಭೆಯ ಮುಖಗಳನ್ನೂ, ಕೊನೆಗೆ ಹಿತ್ತಾಳೆ ತಟ್ಟೆಯನ್ನೂ ನೋಡಿದಳು.

"ಮುನೇಶಣ್ಣ, ಯಾರು ಅಂತ ಕಂಡ್ಹಿಡಿಯೋದು ಎಂಗೆ?"

"ಈಸಿ ಕಣಮ್ಮಾ. ಯಾರೋ ಕಂಡಕಂಡ ಆಪು, ಪುಕ್ಕಟೆ ಸಿನಿಮಾ, ಇನ್ನೇನೇನೋ ಇಳಿಸ್ಕೊಂಡಿರ್ತಾರೆ. ಅದ್ರ ಜೊತೇಲಿ ವೈರಸ್ ಹುಳ ಬಂದಿರುತ್ತೆ, ಪೋಲೆಂಡ್ ಬಾಗ್ಲು ಬಡಿಯೋದು ಅದೇ. ಎಲ್ರ ಫೋನೂ ಬಿಚ್ಚಿ ಏನೇನು ನೋಡವ್ರೆ, ಏನೇನು ಇಳಿಸವ್ರೆ ಅಂತ ಒಂದೊಂದಾಗಿ ತೆಗೆದ್ರೆ ಸಿಕ್ಬುಡುತ್ತೆ."

"ಸರಿ." ಲಿಖಿತ ತಟ್ಟೆಯಿಂದ ತೆಂಗಿನಕಾಯಿ ಎತ್ತಿ ಪಕ್ಕಕ್ಕಿಟ್ಟಳು. "ಎಲ್ರೂ ಫೋನ್ ಲಾಕು ತೆಗ್ದು ಇದ್ರಾಗಿಡಿ. ಮಾವ ಒಂದೊಂದಾಗಿ ಎತ್ತಿ, ಎಲ್ರಿಗೂ ಕೇಳೋ ಅಂಗೆ ಗಟ್ಟಿಯಾಗಿ ಓದ್ಲಿ. ಅಪ್ಪ, ಮೊದ್ಲು ನಿಂದು."

ಬಚ್ಚಪ್ಪನ ಕೈ ಜೇಬಿನ ಮೇಲೆ ಬಿತ್ತು, ಅಲ್ಲಿಂದ ಏಳಲಿಲ್ಲ. "ನಂದು... ಚಾರ್ಜಿಲ್ಲವ್ವ."

"ದಫೇದಾರ್ ಮಾವ?"

"ಸರ್ಕಾರಿ ರಹಸ್ಯ ಇರ್ತಾವಮ್ಮ ನಂದ್ರಾಗೆ." ಅವರು ಗಡಿಯಾರ ನೋಡಿಕೊಂಡರು. "ಅಲ್ಲಪ್ಪ, ಗಳಿಗೆ ಮೀರ್ತಾ ಐತೆ. ಶುಭಕಾರ್ಯದಾಗೆ ಇದೆಲ್ಲ ಯಾಕೆ ಅಂತ?"

"ಯಾಕೆ ಅಂತೀನಿ!" ಎಂದರು ಗಂಡಿನ ದೊಡ್ಡಪ್ಪ, ಫೋನನ್ನು ಪಂಚೆಯ ಮಡಿಕೆಗೆ ಇಳಿಬಿಡುತ್ತ. "ಚಿನ್ನದಂತ ಹುಡ್ಗ."

"ಚಿನ್ನದಂತ ಹುಡ್ಗಿ," ಎಂದರು ಹೆಣ್ಣಿನ ಕಡೆಯ ಎಪ್ಪತ್ತು ದಾಟಿದ ಹಿರಿಯರು, ಫೋನಿನ ಮೇಲೆಯೇ ಕುಳಿತು. "ಪೋಲೆಂಡ್‌ನೋರು ನಮ್ಮ ನೆಂಟರಾ, ಇಷ್ಟರಾ? ಅವ್ರ ಬಾಗ್ಲು ಗಟ್ಟಿ ಮಾಡ್ಸಿಕೊಳ್ಳಲಿ."

"ಯಾರೂ ಏಳಂಗಿಲ್ಲ!" ಮುನೀಂದ್ರ ಗಾಜಿನ ಬಾಗಿಲಿನ ದನಿಯಲ್ಲಿ ಗುಡುಗಿದ. "ಒಬ್ಬೊಬ್ರಾಗಿ ಬನ್ನಿ. ಚೀಲ ಬಿಚ್ಚಿ ತೋರ್ಸೋ ಅಂಗೆ ತೋರ್ಸಿ."

"ಅಂಗೇ ಆಗ್ಲಿ," ಎಂದು ಶ್ಯಾಮಲ ಹೆಂಗಸರ ಸಾಲಿನಿಂದ ಎದ್ದು ಬಂದಳು. "ತನಿಖೆ ಮಾಡೋ ಸಾಹೇಬ್ರುದು ಮೊದ್ಲು ಇಡ್ಬೇಕು. ನಿಮ್ದು ಕೊಡ್ರಿ. ಸ್ನಾನಕ್ಕೋಗ್ವಾಗ್ಲೂ ತಗಂಡೋಗ್ತೀರಲ್ಲ, ಅದ್ರಾಗೆ ಏನೈತೆ ಅಂತ ನಂಗೂ ಬಾಳ ದಿನದಿಂದ ಅನುಮಾನ."

ಮುನೀಂದ್ರ ಹೆಂಡತಿಯ ಚಾಚಿದ ಕೈ ನೋಡಿದ. ಕಂಕುಳಿನಲ್ಲಿದ್ದ ಕೈಗಳು ತಾವಾಗಿಯೇ ಈಚೆ ಬಂದವು. ಆದರೆ ಜೇಬಿನ ಕಡೆಗಲ್ಲ. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ತೆಂಗಿನಕಾಯಿಯನ್ನು ಮತ್ತೆ ತಟ್ಟೆಗೆ ಹಾಕಿ, ತಟ್ಟೆ ಎತ್ತಿ, ಎರಡೂ ಕೈ ಭರ್ತಿ ಮಾಡಿಕೊಂಡು, "ನೋಡ್ರಪ್ಪ, ಸೋದರಮಾವ ತಟ್ಟೆ ಎತ್ತವ್ನೆ, ಕೈ ಖಾಲಿ ಇಲ್ಲ! ಇಸ್ಕೊಳ್ರಿ, ಇಸ್ಕೊಳ್ರಿ!" ಎಂದು ಗಂಡಿನ ಕಡೆಯವರ ಮಡಿಲಿಗೆ ನೂಕಿದ. ಗಂಡಿನ ದೊಡ್ಡಪ್ಪ ಅಷ್ಟೇ ವೇಗದಲ್ಲಿ ತಮ್ಮ ತಟ್ಟೆಯನ್ನು ಇತ್ತ ನೂಕಿದರು. ದಫೇದಾರರು ಅಕ್ಷತೆ ಎರಚಿದರು. ಆ ಸೀಮೆಯಲ್ಲಿ ಅಷ್ಟು ಚುರುಕಾಗಿ ತಾಂಬೂಲ ಬದಲಾದದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲರೂ ಪಾಯಸಕ್ಕೆ ಎದ್ದರು, ಎಡಗೈ ಜೇಬಿನ ಮೇಲಿಟ್ಟುಕೊಂಡೇ ಉಂಡರು.

ಗಲಾಟೆ ಕರಗಿದಮೇಲೆ ಅಂಬರೀಶ್ ಲಿಖಿತಳ ಹತ್ತಿರ ಬಂದು ತನ್ನ ಫೋನ್ ಚಾಚಿದ. "ಯಾರೂ ಕೊಡ್ಲಿಲ್ಲ. ನಂದು ನೋಡಿ. ಲಾಕಿಲ್ಲ."

ಲಿಖಿತ ಅದನ್ನು ಮುಟ್ಟಲೂ ಇಲ್ಲ. ಹಾಲಿನ ಕ್ಯಾನ್ ನೋಡುವ ಕಣ್ಣಿನಲ್ಲಿ ಅವನನ್ನು ನೋಡಿದಳು. "ಇದಲ್ಲ. ಇನ್ನೊಂದೆಲ್ಲಿ?"

ಅಂಬರೀಶನ ಕಿವಿ ಕೆಂಪಾಯಿತು. ಪ್ಯಾಂಟಿನ ಇನ್ನೊಂದು ಜೇಬಿನಿಂದ ಗುಂಡಿ ಒತ್ತುವ ಹಳೆಯದೊಂದು ಫೋನ್ ಹೊರಬಂತು. "ಇದು... ನರ್ಸರಿ ಮೋಟ್ರುದು. ಇದ್ರಿಂದ ಕಾಲ್ ಮಾಡಿದ್ರೆ ಬೋರು ಆನ್ ಆಗುತ್ತೆ, ಇನ್ನೊಂದ್ಸಲ ಮಾಡಿದ್ರೆ ಆಫ್ ಆಗುತ್ತೆ. ಬೇರೆ ನಂಬ್ರಿಂದ ಮಾಡಿದ್ರೆ ಆಗಲ್ಲ. ಅಷ್ಟೇ, ದೇವ್ರಾಣೆ."

"ನೋಡೋಣ," ಎಂದು ಲಿಖಿತ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ನಿಜಾನೋ ಸುಳ್ಳೋ ಗೊತ್ತಾಗೋ ಗಂಟ ನನ್ನತ್ರಾನೇ ಇರ್ಲಿ. ನೀರು ಬೇಕಾದಾಗ ಕೇಳಿ."

ಅಂದಿನಿಂದ ಅಂಬರೀಶ್ ಬೆಳಿಗ್ಗೆ ಕರೆಂಟು ಬಂತೆಂದು ಲಿಖಿತಳಿಗೆ ಫೋನ್ ಮಾಡಿದ, ಬಿಸಿಲು ಜಾಸ್ತಿಯಾಯಿತೆಂದು ಮಾಡಿದ, ಗಾಳಿ ಬೀಸುತ್ತಿದೆಯೆಂದು ಮಾಡಿದ. ಅವಳು ಬೋರು ಆನ್ ಮಾಡಿ ಮಾತು ಶುರು ಮಾಡುವಳು. ಆಫ್ ಮಾಡುವುದು ಇಬ್ಬರಿಗೂ ಮರೆಯುವುದು. ತಿಂಗಳು ತುಂಬುವ ಮೊದಲು ಟೊಮೆಟೊ ಸಸಿಗಳ ಟ್ರೇಗಳು ನರ್ಸರಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೇಲಿಹೋಗತೊಡಗಿದವು. ಅಕ್ಕಯ್ಯಮ್ಮ ಮೊಣಕಾಲು ಮಟ್ಟ ಸೀರೆ ಎತ್ತಿಕೊಂಡು ನೀರಿನಲ್ಲಿ ನಿಂತು, ಬೇಲಿಯಾಚೆ ಫೋನ್ ಕಿವಿಗಿಟ್ಟು ಮೈಮರೆತಿದ್ದ ಮೊಮ್ಮಗನಿಗೆ ಕೂಗಿದಳು:

"ಒರೇಯ್! ಸಸಿಗೆ ನೀರು ಬುಡ್ತಾ ಇದ್ದೀಯಾ, ಈಜು ಕಲಿಸ್ತಾ ಇದ್ದೀಯಾ?"